ಬೇರೆ ಕೈ

ಕೆಟ್ಟ ಹೊಲಿಗೆ ಮಶಿನ್ ಅಂಗಡಿಗೆ ಬಂದರೆ ಮೆಕ್ಯಾನಿಕ್ ತಕ್ಷಣ ಅದನ್ನು ಬಿಚ್ಚುತ್ತಿರಲಿಲ್ಲ. ಚಕ್ರವನ್ನು ಒಂದು ಸುತ್ತು ತಿರುಗಿಸಿ, ಕಿವಿ ಹತ್ತಿರ ತಂದು ಸದ್ದು ಕೇಳುತ್ತಿದ್ದ. ಆಮೇಲೆ ಗಿರಾಕಿಯ ಮುಖವನ್ನೂ ನೋಡದೆ, "ಇದಕ್ಕೆ ಬೇರೆ ಕೈ ಬಿದ್ದಿದೆ" ಅನ್ನುತ್ತಿದ್ದ. ಬಹುಪಾಲು ಅದು ನಿಜವೇ ಆಗಿರುತ್ತಿತ್ತು. ಗಿರಾಕಿ ತಲೆ ಕೆರೆದುಕೊಂಡು, ಹೌದು, ನಮ್ಮ ಭಾವಮೈದ ಸ್ಕ್ರೂಡ್ರೈವರ್ ಹಾಕಿ ಏನೋ ಮಾಡಿದ ಎಂದು ಒಪ್ಪಿಕೊಳ್ಳುತ್ತಿದ್ದ. ಬೀದಿಯ ದರ್ಜಿಗಳೆಲ್ಲ ಅವನ ಕಿವಿಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ತನಗೆ ಕೇಳಿಸಿದ್ದು ಎಂದೂ ತಪ್ಪಾಗುವುದಿಲ್ಲ ಎಂದು ಅವನೂ ನಂಬಿಬಿಟ್ಟಿದ್ದ.

ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಪರದೆ. ಒಳಗೆ ಅಡುಗೆಮನೆ, ಎರಡು ಕೋಣೆ, ಹಿತ್ತಲಿಗೆ ಹೊಂದಿಕೊಂಡ ಬಚ್ಚಲು. ಇರುವವರು ನಾಲ್ಕು ಜನ. ಮೆಕ್ಯಾನಿಕ್, ಅವನ ತಾಯಿ, ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವ ಅವನ ತಂಗಿ, ಮತ್ತು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಅವನ ಹೆಂಡತಿ. ತಂಗಿಯ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಖರ್ಚಿನ ಮಾತು, ಬಟ್ಟೆಯ ಮಾತು, ಯಾರನ್ನು ಕರೆಯುವುದು ಯಾರನ್ನು ಬಿಡುವುದು ಎಂಬ ಮಾತು.

ಆ ಸೋಮವಾರ ಬೆಳಿಗ್ಗೆ ತಿಂಡಿಗೆ ಬ್ರೆಡ್ಡು, ಮೊಟ್ಟೆ. ಮೆಕ್ಯಾನಿಕ್ ತಟ್ಟೆ ಮುಟ್ಟದೆ ಕೂತಿದ್ದ. ಸೊಸೆ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು.

"ಬೇರೆ ಕೈ ಬಿದ್ದಿದೆ," ಅಂದ.

"ಯಾವ ಮಶಿನ್ನಿಗೋ?" ಎಂದು ತಾಯಿ ಮೊಟ್ಟೆ ಸುಲಿಯುತ್ತ ಕೇಳಿದಳು.

ಅವನು ಹೆಂಡತಿಯನ್ನೇ ನೋಡುತ್ತಿದ್ದ. ಚಹಾ ಲೋಟ ತುಂಬಿ ಮೇಜಿನ ಮೇಲೆಲ್ಲ ಹರಿಯಿತು.

"ಏನೇ ಹುಡುಗಿ, ಕಣ್ಣೆಲ್ಲಿಟ್ಟಿದ್ದೀಯ? ಊರವರಿಗೆಲ್ಲ ಕನ್ನಡಕ ಹಾಕಿಸ್ತೀಯ, ನೀನೊಂದು ಹಾಕ್ಕೋ," ಎಂದು ಅತ್ತೆ ನಕ್ಕು ಬಟ್ಟೆ ತರಲು ಎದ್ದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಸೊಸೆಗೆ ಎಲ್ಲವೂ ಗೊತ್ತಾಗಿತ್ತು.

ಹಿಂದಿನ ದಿನ ಮಧ್ಯಾಹ್ನ ಅತ್ತೆ, ನಾದಿನಿ ಇಬ್ಬರೂ ಮದುವೆಯ ಬಟ್ಟೆ ತರಲು ಹೋಗಿದ್ದರು. ಗಂಡಹೆಂಡತಿ ಇಬ್ಬರೇ ಇದ್ದರು. ಮದುವೆಯಾಗಿ ಐದು ವರ್ಷ. ಈ ಐದು ವರ್ಷವೂ ಅದು ಹೇಗೆ ನಡೆದಿತ್ತೋ ಹಾಗೆಯೇ ಅವತ್ತೂ ಶುರುವಾಯಿತು. ಅವಸರದಲ್ಲಿ, ಮಾತಿಲ್ಲದೆ, ಅವಳಿಗೆ ಒಂದಿಷ್ಟು ಉರಿ, ಒಂದಿಷ್ಟು ಬೇಸರ. ಆ ಮನೆಯಲ್ಲಿ ಅದಕ್ಕೆ ಒಂದು ಹೆಸರು ಕೂಡ ಇರಲಿಲ್ಲ, "ಅದು" ಅಷ್ಟೇ. ಆದರೆ ಅವತ್ತು ಅವಳು ಬಾಯಿ ಬಿಟ್ಟಳು.

"ಇರಿ. ಆತುರ ಬೇಡ," ಅಂದಳು. ಅವನ ಕೈ ಹಿಡಿದು ಜಾಗ ತೋರಿಸಿದಳು. "ಸ್ವಲ್ಪ ಮೇಲೆ. ಹ್ಞಾಂ, ಈಗ ಸರಿ. ಹಾಗೇ ಇರಲಿ."

ಅವನು ಹೇಳಿದಂತೆ ಮಾಡಿದ. ಒಳ್ಳೆಯ ಕೆಲಸಗಾರನಲ್ಲವೇ, ಕೈಗೆ ಹದ ಬೇಗ ಸಿಗುತ್ತದೆ. ಅವಳ ಉಸಿರು ಏರಿತು, ಮೈ ಬಿಗಿಯಿತು, ಐದು ವರ್ಷದಲ್ಲಿ ಮೊದಲ ಸಲ ಗಂಡನ ಪಕ್ಕದಲ್ಲಿ ಅವಳಿಗೆ ಅದು ತುದಿ ಮುಟ್ಟಿತು. ಅವಳು ಕೂಗಿದಳು, ಕೂಗಿದ ಮೇಲೆ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಗಂಡನನ್ನು ತಬ್ಬಿಕೊಳ್ಳಬೇಕೆಂದು ತಿರುಗಿದಾಗ ಅವನು ಎದ್ದು ಕೂತಿದ್ದ. ಆ ಸದ್ದು ಅವನು ಎಂದೂ ಕೇಳಿರದ ಸದ್ದು. ಅವನು ಬಚ್ಚಲಿಗೆ ಹೋಗಿ, ಎಣ್ಣೆ ಜಿಡ್ಡು ತೆಗೆಯುವ ಸೋಪಿನಿಂದ ಬಹಳ ಹೊತ್ತು ಕೈ ತೊಳೆದ.

ಅವಳಿಗೆ ಇದನ್ನೆಲ್ಲ ಕಲಿಸಿದವರು ಯಾರು ಎಂದರೆ, ಒಂದು ಲೆಕ್ಕದಲ್ಲಿ ಅತ್ತೆಯೇ. ಮಗು ಯಾಕಾಗಿಲ್ಲ ತೋರಿಸಿಕೊಂಡು ಬಾ ಎಂದು ಅವಳನ್ನು ಲೇಡಿ ಡಾಕ್ಟರ್ ಹತ್ತಿರ ಕಳಿಸಿದ್ದು ಅತ್ತೆ. ಡಾಕ್ಟರ್ ಅದೂ ಇದೂ ಕೇಳಿದ ಮೇಲೆ, "ಸೇರುವಾಗ ನೋವಾಗುತ್ತಾ?" ಎಂದು ಕೇಳಿದ್ದರು.

"ಅದು ಹಾಗೇ ಅಲ್ವಾ ಡಾಕ್ಟ್ರೇ?"

ಡಾಕ್ಟರ್ ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. "ಹಾಗಲ್ಲ. ಮೈ ತಯಾರಾಗೋಕೆ ಮೊದಲೇ ಶುರು ಮಾಡಿದರೆ ನೋವಾಗುತ್ತೆ. ತಯಾರಾಗೋಕೆ ಹೊತ್ತು ಬೇಕು, ಒಳಗೆ ಒದ್ದೆಯಾಗಬೇಕು, ಮನಸ್ಸು ಸಡಿಲ ಆಗಬೇಕು. ಹೆದರಿಕೆ, ಅವಸರ ಇದ್ದರೆ ಅದು ಆಗಲ್ಲ. ಇನ್ನೊಂದು ವಿಷಯ. ಮೇಲ್ಗಡೆ ಬಟಾಣಿಯಷ್ಟು ಒಂದು ಭಾಗ ಇದೆ. ಭಗಾಂಕುರ ಅಂತಾರೆ. ಹೊರಗೆ ಕಾಣೋದು ಅಷ್ಟು, ಒಳಗೆ ಬೇರಿನ ಹಾಗೆ ಇಳಿದಿರುತ್ತೆ. ತುಂಬ ಹೆಂಗಸರಿಗೆ ಸುಖ ಬರೋದು ಅಲ್ಲಿಂದ. ಬರೀ ಒಳಗಿನ ಕೆಲಸದಿಂದ ಬರಲಿಲ್ಲ ಅಂದರೆ ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ."

"ಆ ಹೆಸರು ವ್ಯಾಕರಣದ ಪಾಠದ ಥರ ಇದೆ," ಎಂದು ಅವಳು ನಾಚಿಕೊಂಡು ನಕ್ಕಿದ್ದಳು.

"ಪಾಠವೇ. ಯಾರೂ ಮಾಡಲ್ಲ ಅಷ್ಟೇ. ಮೊದಲು ನೀವು ತಿಳ್ಕೊಳ್ಳಿ, ಆಮೇಲೆ ಗಂಡನಿಗೆ ತಿಳಿಸಿ. ಬಾಯಿಬಿಟ್ಟು ಹೇಳಬೇಕು, ಅವರಿಗೆ ಕನಸು ಬೀಳಲ್ಲ."

ಅವಳು ತಿಳಿದುಕೊಂಡಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಬಚ್ಚಲಿನ ಚಿಲಕ ಹಾಕಿಕೊಂಡು, ತನ್ನ ಮೈಯನ್ನು ತಾನೇ ಮೆಲ್ಲಗೆ ವಿಚಾರಿಸಿಕೊಂಡಳು. ಮೊದಲು ಏನೂ ಆಗಲಿಲ್ಲ. ತನ್ನದು ಮರದ ಮೈ ಎಂದುಕೊಂಡಳು. ಆಮೇಲೊಂದು ದಿನ ಅದು ಬಂತು, ಮತ್ತು ಅವಳು ಆ ತಣ್ಣಗಿನ ನೆಲದ ಮೇಲೆ ಕೂತು ಇಷ್ಟು ವರ್ಷ ಇದು ಎಲ್ಲಿತ್ತು ಎಂದು ಅತ್ತಳು. ಗಂಡನಿಗೂ ಇದು ಗೊತ್ತಾಗಲಿ, ಇಬ್ಬರೂ ಸೇರಿ ಸುಖವಾಗಿರೋಣ ಎಂಬುದಷ್ಟೇ ಅವಳ ಆಸೆ. ಅವನನ್ನು ಕಂಡರೆ ಅವಳಿಗೆ ಪ್ರೀತಿಯೇ ಇತ್ತು.

ಆ ಸೋಮವಾರದಿಂದ ಮೆಕ್ಯಾನಿಕ್ ಅವಳು ಬಡಿಸಿದ್ದನ್ನು ಉಣ್ಣುವುದು ಬಿಟ್ಟ. "ಅಮ್ಮ, ನೀನು ಬಡಿಸು," ಅನ್ನುತ್ತಿದ್ದ. ಕೂಗಾಡಲಿಲ್ಲ, ಕೈಯೆತ್ತಲಿಲ್ಲ. ಕೂಗಾಡಿದ್ದರೆ ಪಕ್ಕದ ಮನೆಯವರಾದರೂ ಬರುತ್ತಿದ್ದರು. ಅವನು ಸಣ್ಣ ದನಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಹೆಸರು ಹೇಳು."

"ಯಾರ ಹೆಸರು?"

"ಹೇಳಿಕೊಟ್ಟವನ ಹೆಸರು. ನಾನೇನೂ ಮಾಡಲ್ಲ. ಹೆಸರು ಹೇಳಿದ್ರೆ ಅಲ್ಲಿಗೆ ಮುಗೀತು."

"ಡಾಕ್ಟ್ರು ಹೇಳಿದ್ದು ಅಂತ ಎಷ್ಟು ಸಲ ಹೇಳಲಿ? ಬನ್ನಿ, ಇಬ್ರೂ ಹೋಗೋಣ. ನೀವೇ ಕೇಳಿ."

"ಡಾಕ್ಟ್ರು ಮಗು ವಿಷಯ ನೋಡ್ತಾರೆ. ಇದನ್ನೆಲ್ಲ ಹೇಳ್ತಾರಾ? ಹೇಳಿದ್ರೂ ಬಾಯಲ್ಲಿ ಹೇಳ್ತಾರೆ. ನಿನಗೆ ಜಾಗ ಗೊತ್ತಿತ್ತು, ಹದ ಗೊತ್ತಿತ್ತು. ಕೈಯಿಂದ ಕಲಿತದ್ದು ಅದು."

"ನನ್ನ ಕೈಯಿಂದಲೇ," ಅಂದಳು. ಹೇಳುವುದು ಎಷ್ಟು ಕಷ್ಟವೋ ಅಷ್ಟೂ ಕಷ್ಟಪಟ್ಟು ಹೇಳಿದಳು.

ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಇಷ್ಟು ವರ್ಷ ಈ ಕೆಲಸ ಮಾಡಿದ್ದೀನಿ. ಯಾವ ಮಶಿನ್ನೂ ತನ್ನನ್ನ ತಾನೇ ಬಿಚ್ಚಿ ಜೋಡಿಸ್ಕೊಂಡಿದ್ದು ನೋಡಿಲ್ಲ."

"ನಾನು ಮಶಿನ್ನಲ್ಲ."

"ಹೆಸರು ಹೇಳು," ಅಂದ.

ಆದರೂ ಆ ಮಾತು ಅವನ ತಲೆಯಲ್ಲಿ ಕೂತಿತ್ತು. ಎರಡು ದಿನ ಬಿಟ್ಟು ನಾದಿನಿ ಸ್ನಾನಕ್ಕೆ ಹೋದವಳು ಹಾಗೇ ವಾಪಸು ಬಂದಳು.

"ಅಮ್ಮ, ಬಚ್ಚಲಿನ ಚಿಲಕ ಎಲ್ಲಿ?"

ಚಿಲಕವಿದ್ದ ಜಾಗದಲ್ಲಿ ಮೂರು ತೂತು ಮಾತ್ರ ಇದ್ದವು. ಮೆಕ್ಯಾನಿಕ್ ಅಂಗಡಿಯಿಂದಲೇ ಹೇಳಿದ, "ತುಕ್ಕು ಹಿಡಿದಿತ್ತು. ತೆಗೆದೆ."

"ತೆಗೆದೆ ಅಂದ್ರೆ? ಹೊಸದು ಹಾಕೋದಲ್ವಾ?"

"ಹಾಕ್ತೀನಿ."

ಹಾಕಲಿಲ್ಲ. ಹೊಲಿಗೆ ಮಶಿನ್ನಿನ ಕೂದಲೆಳೆಯಂಥ ಸ್ಪ್ರಿಂಗ್ ಸರಿಮಾಡುವವನಿಗೆ ಒಂದು ಚಿಲಕ ಹಾಕಲು ಪುರುಸೊತ್ತಾಗಲಿಲ್ಲ. ಆಮೇಲೆ ಅಲ್ಲಿಗೆ ಹೋದವರೆಲ್ಲ ಕೆಮ್ಮುತ್ತಲೋ, ಬಕೆಟ್ಟು ಬಡಿಯುತ್ತಲೋ ಸ್ನಾನ ಮಾಡಬೇಕಾಯಿತು. "ಈ ವಯಸ್ಸಿನಲ್ಲಿ ಹಾಡು ಹೇಳಿಕೊಂಡು ಸ್ನಾನ ಮಾಡೋ ಹಾಗಾಯ್ತು, ನನ್ನ ಹಾಡು ಕೇಳಿದ್ರೆ ಯಾರೂ ಹತ್ತಿರ ಬರಲ್ಲ ಬಿಡು," ಎಂದು ಅತ್ತೆ ಗೊಣಗಿದಳು. ಯಾರೂ ನಗಲಿಲ್ಲ. ಸೊಸೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಎರಡು ಚೊಂಬು ನೀರು ಸುರಿದುಕೊಂಡು ಬರುತ್ತಿದ್ದಳು. ಹಿತ್ತಲ ಬಾಗಿಲಿಗೆ ಒಂದು ಗಂಟೆಯೂ ಬಂತು. ಬಾಗಿಲು ತೆರೆದರೆ ಅಂಗಡಿಯಲ್ಲಿ ಅವನ ತಲೆಯ ಮೇಲೆ ಟಿಂಗೆನ್ನುವ ಹಾಗೆ ತಂತಿ ಎಳೆದಿದ್ದ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು.

ಅದೇ ವಾರ ಅವನು ಕನ್ನಡಕದಂಗಡಿಗೂ ಹೋದ. ತಾಯಿಗೆ ಕನ್ನಡಕ ಮಾಡಿಸಬೇಕು ಎಂದು ನೆಪ ಹೇಳಿಕೊಂಡು ಅವಳನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯ ತುಂಬ ಕನ್ನಡಿ. ಅವನ ಹೆಂಡತಿ ಕೌಂಟರಿನ ಈಚೆಗೆ ನಿಂತು, ಒಬ್ಬ ಮಧ್ಯವಯಸ್ಸಿನ ಗಿರಾಕಿಯ ಮುಖಕ್ಕೆ ಚೌಕಟ್ಟು ಹೊಂದಿಸುತ್ತಿದ್ದಳು. ಬೆನ್ನು ಬಾಗಿಲ ಕಡೆಗಿತ್ತು, ಇವರನ್ನು ನೋಡಿರಲಿಲ್ಲ. ಎರಡು ಬೆರಳಿನಲ್ಲಿ ಕಡ್ಡಿ ಹಿಡಿದು ಗಿರಾಕಿಯ ಕಿವಿಯ ಹಿಂದೆ ಕೂರಿಸುತ್ತ ಅವಳು ಹೇಳಿದಳು:

"ಇರಿ, ಆತುರ ಬೇಡ. ಸ್ವಲ್ಪ ಮೇಲೆ. ಹ್ಞಾಂ, ಈಗ ಸರಿ. ಹಾಗೇ ಇರಲಿ."

ದಿನಕ್ಕೆ ಹತ್ತಾರು ಸಲ, ಹುಡುಗರಿಗೂ ಮುದುಕಿಯರಿಗೂ ಹೇಳುವ ಮಾತು. ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಆ ಭಾನುವಾರ ಯಾವ ಮಾತೂ ಸಿಗದೆ ಒದ್ದಾಡಿದಾಗ ಬಾಯಿಗೆ ತಾನಾಗಿ ಬಂದದ್ದು ಇದೇ ಮಾತು. ತನ್ನ ಜೀವನದಲ್ಲಿ ಅವಳು ಇನ್ನೊಬ್ಬರಿಗೆ ಹೀಗೆ ಮಾಡಿ ಎಂದು ಹೇಳುತ್ತಿದ್ದದ್ದು ಆ ಕೌಂಟರಿನಲ್ಲಿ ಮಾತ್ರ, ಪಾಪ, ಬೇರೆ ಮಾತು ಎಲ್ಲಿಂದ ತರಬೇಕು? ಮೆಕ್ಯಾನಿಕ್‌ನ ಕಿವಿಗೆ ಮಾತ್ರ ಅದೇ ದನಿ, ಅದೇ ಮಾತು, ಎದುರಿಗೆ ಬೇರೆ ಗಂಡಸು.

"ನಡಿ ಅಮ್ಮ," ಅಂದ.

"ಕಣ್ಣು ತೋರಿಸೋದು ಬೇಡ್ವಾ?"

"ಬೇಡ. ನೋಡಬೇಕಾದ್ದು ನೋಡಿ ಆಯ್ತು."

ಮರುದಿನದಿಂದ ಸೊಸೆ ಕೆಲಸಕ್ಕೆ ಹೋಗಲಿಲ್ಲ. ಅವಳ ಫೋನಿನಿಂದಲೇ ಅಂಗಡಿಗೆ ಕರೆ ಮಾಡಿ ಅವಳಿಗೆ ಹುಷಾರಿಲ್ಲ, ಇನ್ನು ಬರುವುದಿಲ್ಲ ಎಂದು ಹೇಳಿದವನು ಅವನೇ. ಆ ಫೋನು ಮತ್ತೆ ಅವಳ ಕೈಗೆ ಬರಲಿಲ್ಲ.

ಈಗ ನಾದಿನಿಯ ವಿಷಯ. ಅವಳಿಗೆ ಅತ್ತಿಗೆಯೆಂದರೆ ಅಕ್ಕನ ಹಾಗೆ. ಈ ರಾದ್ಧಾಂತವೆಲ್ಲ ಶುರುವಾಗುವ ಮೊದಲೇ, ಒಂದು ದಿನ ಬಟ್ಟೆ ಒಣಹಾಕುವಾಗ ಅವಳು ಕೇಳಿದ್ದಳು, "ಅತ್ತಿಗೆ, ಮೊದಲ ದಿನ ತುಂಬ ನೋವಾಗುತ್ತಂತೆ, ನನಗೆ ಭಯ." ಅತ್ತಿಗೆ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದ್ದಳು. ಭಯಪಡಬೇಡ, ಹೊತ್ತು ತಗೋ, ನಿನಗೇನು ಹಿತ ಅಂತ ಹುಡುಗನಿಗೆ ಹೇಳು, ಅವನೂ ಕಲೀಲಿ ಎಂದಿದ್ದಳು. ಹುಡುಗಿಯ ಭಯ ಅರ್ಧ ಇಳಿದಿತ್ತು.

ಹೀಗೇ ಎರಡು ಮೂರು ವಾರ ಕಳೆದ ಮೇಲೆ, ಒಂದು ಗುರುವಾರ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆಯಿತು. ಅನ್ನ, ಆಲೂಗಡ್ಡೆ ಪಲ್ಯ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅವಳು ಕೂತರೆ ಅವನು ಏಳುತ್ತಿದ್ದನಾದ್ದರಿಂದ ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದಳು.

"ಅಣ್ಣ, ಅತ್ತಿಗೇನ ಯಾಕೆ ಹೀಗೆ ಸಾಯಿಸ್ತೀಯ?" ಎಂದು ನಾದಿನಿ ತಟ್ಟೆ ತಳ್ಳಿದಳು.

"ನಿನಗೆ ಗೊತ್ತಾಗಲ್ಲ. ಊಟ ಮಾಡು."

"ಗೊತ್ತು. ಗೋಡೆಗೂ ಕಿವಿ ಇದೆ ಈ ಮನೇಲಿ. ಅವಳೇನು ತಪ್ಪು ಮಾಡಿದಾಳೆ? ಅದು ಎಲ್ಲ ಹೆಂಗಸರಿಗೂ ಇರೋದೇ! ಗಂಡಸರಿಗೆ ಇರುತ್ತಲ್ಲ, ಹಾಗೇ! ತಿಳ್ಕೊಂಡ್ರೆ ನೋವಾಗಲ್ಲ, ತಿಳೀದಿದ್ರೆ ನೋವಾಗುತ್ತೆ, ಅಷ್ಟೇ!"

ಅತ್ತೆಯ ಕೈಯಿಂದ ಸೌಟು ಪಾತ್ರೆಗೆ ಬಿತ್ತು. ಮೆಕ್ಯಾನಿಕ್ ತಲೆಯೆತ್ತಿ ತಂಗಿಯನ್ನು ನೋಡಿದ. ಮಶಿನ್ನಿನ ಸದ್ದು ಕೇಳುವಾಗ ಅವನು ಹೀಗೆಯೇ ತಲೆ ಓರೆ ಮಾಡುತ್ತಿದ್ದ.

"ನಿನಗೆ ಯಾರು ಹೇಳಿದ್ದು?"

ಹುಡುಗಿ ಬಾಯಿ ಮುಚ್ಚಿಕೊಂಡಳು. ತಾನು ಏನು ಮಾಡಿದೆ ಎಂದು ಆಗ ಅವಳಿಗೆ ಅರ್ಥವಾಯಿತು.

"ಇವಳೇನಾ?"

"ಅವಳನ್ನ ಬಿಡಿ, ಚಿಕ್ಕ ಹುಡುಗಿ," ಎಂದು ಸೊಸೆ ಗೋಡೆಯಿಂದ ಮುಂದೆ ಬಂದಳು. "ಭಯ ಆಗ್ತಿದೆ ಅಂತ ಕೇಳಿದಳು, ನಾನು ಹೇಳಿದೆ."

ಅವನು ಕೈ ತೊಳೆದು, ಒರೆಸಿಕೊಂಡು, ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟ. "ಭಾನುವಾರ ಹುಡುಗನ ಮನೆಯವರು ಬರ್ತಾರೆ. ಇವಳ ವಿಷಯ ಅವರಿಗೆ ನಾನೇ ಹೇಳಿಬಿಡ್ತೀನಿ. ಕೈ ಬಿದ್ದ ಮಾಲು ದಾಟಿಸಿದ ಅಂತ ನಾಳೆ ನನ್ನನ್ನ ಯಾರೂ ಅನ್ನಬಾರದು. ಬೇಕಾದ್ರೆ ತಗೊಳ್ಳಲಿ, ಬೇಡಾದ್ರೆ ಬಿಡಲಿ."

"ಅಯ್ಯೋ ನಿನ್ನ ಬಾಯಿಗೆ! ಒಡಹುಟ್ಟಿದವಳ ಬಗ್ಗೆ ಆಡೋ ಮಾತಾ ಇದು?" ಎಂದು ತಾಯಿ ಕಿರುಚಿದಳು.

"ಒಡಹುಟ್ಟಿದವಳು ಅಂತಲೇ," ಅಂದು ಅವನು ಪರದೆ ಸರಿಸಿ ಅಂಗಡಿಗೆ ಹೋದ. ತಮಾಷೆಗೆ ಹೇಳಿದನೋ, ಹೆದರಿಸಲು ಹೇಳಿದನೋ ಎಂದು ಯಾರಿಗೂ ಸಂಶಯ ಬರಲಿಲ್ಲ. ಅವನು ಹೇಳಿದ್ದನ್ನು ಮಾಡುವವನು. ನಾದಿನಿ ಅವತ್ತು ಉಣ್ಣಲಿಲ್ಲ, ಮರುದಿನ ಚಪ್ಪಲಿ ಅಂಗಡಿಗೂ ಹೋಗಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಶನಿವಾರ ಮಧ್ಯಾಹ್ನ ಅತ್ತೆ, ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅಂಗಡಿಯಿಂದ ಮಶಿನ್ನಿನ ಸದ್ದು ಬರುತ್ತಿತ್ತು. ಸದ್ದು ಇರುವವರೆಗೆ ಅವನಿಗೆ ಒಳಗಿನ ಮಾತು ಕೇಳಿಸದು. ಅತ್ತೆ ಅದನ್ನು ಕಾದೇ ಮಾತು ತೆಗೆದಳು.

"ನಿಜ ಹೇಳು. ಯಾರೂ ಇಲ್ಲ ಅಲ್ವಾ?"

"ಯಾರೂ ಇಲ್ಲ ಅತ್ತೆ. ನಿಮ್ಮ ಮಗನ ಮೇಲೆ ಆಣೆ."

"ಅವನ ಮೇಲೆ ಬೇಡ ಬಿಡು, ಮೊದಲೇ ತಲೆ ಕೆಟ್ಟಿದೆ." ಅತ್ತೆ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ತಗ್ಗಿದ ದನಿಯಲ್ಲಿ, ಮೊರದಿಂದ ಕಣ್ಣೆತ್ತದೆ, "ಅದು... ಹೇಗಿರುತ್ತೆ?" ಅಂದಳು.

ಸೊಸೆ ಬೆರಗಾಗಿ ನೋಡಿದಳು.

"ಕೇಳಿದ್ನಪ್ಪ. ಕೇಳಬಾರದಾ? ಮೂವರನ್ನ ಹೆತ್ತಿದ್ದೀನಿ, ಒಂದು ಹೋಯ್ತು. ನನಗೇನೂ ಗೊತ್ತಿಲ್ಲ ಅಂತೇನಲ್ಲ."

"ಸೀನು ಬರೋ ಮುಂಚೆ ಮೂಗು ತುಂಬಿ ಬರುತ್ತಲ್ಲ ಅತ್ತೆ, ಬರುತ್ತೆ ಬರುತ್ತೆ ಅಂತ. ಆ ಥರ ಇಡೀ ಮೈ ತುಂಬಿ ಬರುತ್ತೆ. ಆಮೇಲೆ ಬಿಟ್ಟುಹೋಗುತ್ತೆ, ಒಳಗೆಲ್ಲ ಬಡಿದುಕೊಳ್ಳುತ್ತೆ. ಆಮೇಲೆ ಯಾರ ಮೇಲೂ ಸಿಟ್ಟೇ ಇರಲ್ಲ."

"ಯಾರ ಮೇಲೂ?"

"ಯಾರ ಮೇಲೂ."

ಅತ್ತೆಯ ಬೆರಳು ಅಕ್ಕಿಯಲ್ಲಿ ಓಡಾಡುತ್ತಿತ್ತು, ಒಂದು ಕಲ್ಲನ್ನೂ ಎತ್ತಲಿಲ್ಲ. "ಅವರು ಒಳ್ಳೆಯವರೇ," ಎಂದು ಸತ್ತ ಗಂಡನ ಮಾತು ತೆಗೆದಳು. "ಮುಗಿದ ಮೇಲೆ 'ಹಿತವಾಯ್ತಾ' ಅಂತ ಕೇಳೋರು. ಹ್ಞೂಂ ಅಂತಿದ್ದೆ. ಏನು ಕೇಳ್ತಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ ನೋಡು. ಊಟದ ವಿಷಯ ಅಂದ್ಕೊಂಡಿದ್ದೆ ಮೊದಮೊದಲು."

ಸೊಸೆಗೆ ನಗು ಬಂತು, ನಗುತ್ತಿದ್ದ ಹಾಗೇ ಅಳು ಬಂತು. ಅತ್ತೆಯ ಕಣ್ಣೂ ಒದ್ದೆಯಾಯಿತು. ಸೊಸೆಯ ಮೇಲೆ ಅವಳಿಗೆ ಮರುಕವೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಎರಡಕ್ಕಿಂತ ಹೆಚ್ಚಾಗಿ ಮಗಳ ಚಿಂತೆ.

"ನಾಳೆ ಅವರು ಬರ್ತಾರೆ. ಇವನು ಹೇಳೇ ಹೇಳ್ತಾನೆ. ಹುಡುಗಿ ಬಾಳು ಮೂರಾಬಟ್ಟೆ ಆಗುತ್ತೆ. ನನ್ನ ಮಾತು ಕೇಳು. ಅದು ನಾಟಕ ಅಂತ ಹೇಳಿಬಿಡು."

"ಏನು?"

"ಅವತ್ತು ಕೂಗಿದ್ದು, ನಕ್ಕಿದ್ದು, ಎಲ್ಲ ನಾಟಕ. ಗಂಡನಿಗೆ ಖುಷಿಯಾಗ್ಲಿ ಅಂತ ಮಾಡಿದೆ ಅನ್ನು. ನನಗೆ ಏನೂ ಆಗ್ಲಿಲ್ಲ, ಏನೂ ಗೊತ್ತಿಲ್ಲ ಅನ್ನು. ನಂಬ್ತಾನೆ. ಅವನಿಗೆ ನಂಬಬೇಕಾಗಿರೋದು ಅದೇ."

"ಅತ್ತೆ, ನನ್ನ ಜೀವನದಲ್ಲಿ ನಿಜವಾಗಿ ಆಗಿದ್ದು ಅದೊಂದು. ಅದನ್ನೇ ಸುಳ್ಳು ಅನ್ನಲಾ?"

"ಅನ್ನು. ಒಂದು ಮಾತು ಅಷ್ಟೇ. ಆಡಿದ್ರೆ ಏನು ಸವೆಯುತ್ತೆ?"

ಪಕ್ಕದ ಕೋಣೆಯಲ್ಲಿ ನಾದಿನಿ ಬಿಕ್ಕುವುದು ಕೇಳಿಸಿತು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಪರದೆಯ ಹತ್ತಿರ ನಿಂತಾಗ ಅಂಗಡಿಯಲ್ಲಿ ಮಶಿನ್ನಿನ ಸದ್ದು ನಿಂತಿತು.

ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೂತು ಒಂದು ಹಳೆಯ ಮಶಿನ್ನಿಗೆ ಎಣ್ಣೆ ಬಿಡುತ್ತಿದ್ದ. ಅವಳು ಪರದೆ ದಾಟಲಿಲ್ಲ.

"ಅವತ್ತು..." ಅಂದಳು. "ಅದು ನಾಟಕ."

"ಏನಂದೆ?"

"ನನಗೆ ಏನೂ ಆಗಿರಲಿಲ್ಲ. ಅಂಗಡೀಲಿ ಹೆಂಗಸರು ಮಾತಾಡ್ತಿದ್ರು, ಹಾಗೆ ಮಾಡಿದ್ರೆ ಗಂಡಸರಿಗೆ ಇಷ್ಟ ಅಂತ. ಮಾಡಿದೆ. ನೀವು ಕೋಪ ಮಾಡ್ಕೊಂಡ್ರಿ, ಹೇಳೋಕೆ ನಾಚಿಕೆ ಆಯ್ತು. ನಿಮ್ಮ ತಂಗಿಗೂ ಸುಮ್ಮನೆ ಜಂಬಕ್ಕೆ ಹೇಳಿದೆ."

ಎಣ್ಣೆಯ ಡಬ್ಬಿ ಕೆಳಗಿಟ್ಟ. ಅವನ ಭುಜಗಳು ಇಳಿದವು. ಎಷ್ಟೋ ವಾರದ ಮೇಲೆ ಅವನ ಮುಖ ಸಡಿಲವಾಯಿತು, ಒಮ್ಮೆಲೇ ಅತ್ತುಬಿಟ್ಟ.

"ಮೊದಲೇ ಹೇಳಬಾರದಿತ್ತೇನೇ ದಡ್ಡಿ? ನನ್ನ ಜೀವ ಹೋಗಿತ್ತು ಕಣೆ. ನಿನಗೆ ಅದೆಲ್ಲ ಎಲ್ಲಿಂದ ಬರಬೇಕು, ನನಗೆ ಹೊಳೀಲೇ ಇಲ್ಲ ನೋಡು."

ಅವನು ಎದ್ದು ಬಂದು ಅವಳ ತಲೆ ಸವರಿದ. ಆ ಕೈ ಮೃದುವಾಗಿಯೇ ಇತ್ತು. ಅವಳಿಗೆ ಏನೋ ಒಂದನ್ನು ತನ್ನ ಕೈಯಾರೆ ಕೊಂದು ಹೂಳಿ ಬಂದಂತೆ ಅನ್ನಿಸಿತು, ಅಳಲೂ ಆಗಲಿಲ್ಲ. ಸಂಜೆಯೊಳಗೆ ಬಚ್ಚಲಿಗೆ ಹೊಸ ಚಿಲಕ ಬಂತು, ಹಿತ್ತಲ ಗಂಟೆ ಇಳಿಯಿತು. ಅವಳೇ ಬಡಿಸಿದ ಅನ್ನವನ್ನು ಅವನು ಎರಡು ಸಲ ಹಾಕಿಸಿಕೊಂಡು ಉಂಡ.

ಭಾನುವಾರ ಹುಡುಗನ ಮನೆಯವರು ಬಂದರು, ಚಹಾ ಕುಡಿದರು, ದಿನ ಗೊತ್ತುಮಾಡಿಕೊಂಡು ಹೋದರು. ಮೆಕ್ಯಾನಿಕ್ ನಗುನಗುತ್ತ ಮಾತಾಡಿದ. ಅತ್ತೆ ಸೊಸೆಯ ಕಡೆ ನೋಡಿ, ನಾನು ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದಳು. ಸೊಸೆ ಕನ್ನಡಕದಂಗಡಿಯಲ್ಲಿ ವಿಚಾರಿಸಿದಾಗ ಅವಳ ಜಾಗಕ್ಕೆ ಆಗಲೇ ಬೇರೆಯವಳು ಬಂದಾಗಿತ್ತು. ಮನೆಯಲ್ಲೇ ಇದ್ದು ಮದುವೆ ಕೆಲಸ ನೋಡಿಕೊಂಡಳು. ಗಂಡನ ಪಕ್ಕದಲ್ಲಿ ಮೊದಲಿನ ಹಾಗೆ ಸದ್ದಿಲ್ಲದೆ ಇರುತ್ತಿದ್ದಳು. ಮೈ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಒಂದು ಸಲ ತಾನಾಗಿ ಏರಿ ಬರತೊಡಗಿದಾಗ ಅವಳು ಕಳ್ಳಿಯ ಹಾಗೆ ತುಟಿ ಕಚ್ಚಿ, ಮುಷ್ಟಿ ಬಿಗಿದು, ಅದು ತಣ್ಣಗಾಗುವವರೆಗೆ ಸೂರಿನ ಹಂಚು ನೋಡುತ್ತ ಮಲಗಿದ್ದಳು. "ಹೀಗಿರು," ಎಂದು ಅವನು ಸಮಾಧಾನದಿಂದ ಹೇಳಿದ.

ನಾದಿನಿಯ ಹತ್ತಿರ ಒಂದು ದಿನ ಮಾತಾಡಲು ಹೋದಳು. "ನೋಡು, ನಾನು ಅಣ್ಣನಿಗೆ ಹೇಳಿದ್ದು..."

"ಬೇಡ ಅತ್ತಿಗೆ," ಎಂದು ಹುಡುಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ನಾನು ಏನೂ ಕೇಳಿಸ್ಕೊಂಡಿಲ್ಲ. ನನಗೆ ಏನೂ ಗೊತ್ತಿಲ್ಲ. ನೋವಾದ್ರೆ ಆಗಲಿ."

ಮದುವೆಗೆ ಕೆಲವೇ ದಿನವಿತ್ತು. ಅವತ್ತು ಸಂಜೆ ನಾದಿನಿ ತನ್ನ ಅಂಗಡಿಯಿಂದ ಎತ್ತರ ಹಿಮ್ಮಡಿಯ ಚಪ್ಪಲಿ ತಂದಿದ್ದಳು. ಎಲ್ಲರೂ ಊಟಕ್ಕೆ ಕೂತಿದ್ದಾಗ ಹಾಕಿಕೊಂಡು ಬಂದಳು. "ಗಿರಾಕಿಗಳಿಗೆಲ್ಲ ನಾನು ಹೇಳೋದೇ, ಎರಡು ಹೆಜ್ಜೆ ಹಾಕಿ, ಅಭ್ಯಾಸ ಆಗುತ್ತೆ ಅಂತ," ಎಂದು ಗತ್ತಿನಿಂದ ಎರಡು ಹೆಜ್ಜೆ ಹಾಕಿದಳು. ಮೂರನೆಯದಕ್ಕೆ ತಾಯಿಯ ಮಡಿಲಲ್ಲಿ ಬಿದ್ದಳು. "ಅಯ್ಯೋ ನನ್ನ ಸೊಂಟ! ಮದುಮಗಳೋ ಅಕ್ಕಿ ಮೂಟೆಯೋ!" ಎಂದು ತಾಯಿ ಕೂಗಿದಳು.

ಸೊಸೆ ನಕ್ಕಳು. ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದಿಂದ ನಕ್ಕಿರಲಿಲ್ಲ. ನಾದಿನಿಯೂ ಅತ್ತೆಯೂ ಅವಳನ್ನು ನೋಡಿ ಇನ್ನಷ್ಟು ನಕ್ಕರು.

ಮೆಕ್ಯಾನಿಕ್ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯನ್ನು ನೋಡುತ್ತಿದ್ದ.

"ಇದು ಯಾವುದು?" ಅಂದ.

"ಯಾವುದು ಅಂದ್ರೆ?"

"ಈ ನಗು. ಸುಮ್ಮನೆ ಕೇಳಿದೆ. ನಿಜದ್ದಾ, ನಾಟಕದ್ದಾ?"

ನಾದಿನಿ ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಅತ್ತೆ ನೆಲ ನೋಡಿದಳು. ಸೊಸೆ ಅತ್ತೆಯ ಮುಖ ನೋಡಿದಳು, ಅಲ್ಲಿಂದ ಏನೂ ಸಿಗಲಿಲ್ಲ. ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಿಜದ್ದು," ಅಂದಳು.

ಅವನು ಅವಳ ಮುಖವನ್ನು ಇನ್ನೊಂದಿಷ್ಟು ಹೊತ್ತು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತೂ ಹೀಗೇ ಇತ್ತು," ಅಂದ. ಆಮೇಲೆ ತಟ್ಟೆಯನ್ನು ತಾಯಿಯ ಕಡೆ ಸರಿಸಿ, "ಅಮ್ಮ, ಅನ್ನ ನೀನು ಬಡಿಸು," ಎಂದ.